ವಿಡಿಯೋ ಗೇಮಿನ ಚೌಕದ ಅಕ್ಷರ

16 ಜುಲೈ 1996, ಮಂಗಳವಾರ
ಕೆ.ಆರ್. ಪೇಟೆ

ಯಾಕೆ ಹೀಗೆ ಮಾಡಿದೆನೋ ನನಗೇ ತಿಳಿಯುತ್ತಿಲ್ಲ. ಜುಬೇರನ ವಿಡಿಯೋ ಗೇಮ್ ಅಂಗಡಿ ಮುಚ್ಚಿಸಬೇಕೆಂಬ ಅರ್ಜಿಗೆ ಬೆಳಿಗ್ಗೆ ಸ್ಕೂಲಿನಲ್ಲಿ ಎಲ್ಲ ಟೀಚರುಗಳ ಜೊತೆ ನಾನೂ ಸಹಿ ಹಾಕಿದೆ. ಸಂಜೆ ಅವನೇ ಮನೆಗೆ ಬಂದ.

"ಮೇಡಂ, ಬೋರ್ಡಿಗೆ ಗೇಮಲ್ಲಿ ಬರೋವಂಥ ದಪ್ಪ ಅಕ್ಷರ ಬೇಕು, ಬರೀ ಚೌಕದಲ್ಲೇ. ಪೇಂಟರಿಗೆ ಅದು ಕನ್ನಡದಲ್ಲಿ ಬರೆಯೋಕೆ ಬರ್ತಿಲ್ಲ. ನೀವು ಚೌಕ ಎಣಿಸಿ ಹಾಕೋ ಕಸೂತಿ ಅಂಗೇ ಐತಲ್ಲ" ಅಂದ.

ಆಗಲ್ಲ ಅನ್ನಬೇಕಿತ್ತು. ಗ್ರಾಫ್ ಹಾಳೆ ತೆಗೆದು ಕೂತೆ. ಮೂರು ಸಲ ಅಳಿಸಿದ ಮೇಲೆ 'ಆಟ' ಅನ್ನುವ ಎರಡು ಅಕ್ಷರಗಳ ದುಂಡು ಆಕಾರ ಪೂರ್ತಿ ಚೌಕಗಳಲ್ಲೇ ಮೂಡಿತು. ಹಾಳೆಯನ್ನು ದೂರ ಹಿಡಿದು ನೋಡಿದೆ, ಮತ್ತೆ ನೋಡಿದೆ. ನನ್ನ ಕೈಯದೇ ಅಂತ ನಂಬಲಾಗಲಿಲ್ಲ.

"ಕೆಳಗೆ ನಿಮ್ಮ ಹೆಸರೂ ಬರೆಸ್ತೀನಿ" ಅಂದ ಜುಬೇರ್.

ಬೇಡ ಅನ್ನುವ ಬದಲು, ಇನಿಷಿಯಲ್ಲೂ ಸೇರಿಸು ಅಂದುಬಿಟ್ಟೆ.