ದೀಪದ ಕಡೆ ತಿರುಗಿದ ಸ್ಟೂಲು

ಮಾರ್ಚ್ ೧೪, ಗುರುವಾರ

ಕೋಟಿನ ಕಾಲರ್ ಸೊಟ್ಟಗಾಗಿದೆ. ಅದೂ ನನ್ನ ಕೈಯಲ್ಲಿ.

ಮೊಡವೆ ಹೋದರೂ ಮಗಳ ಕೆನ್ನೆಯ ಗುಳಿಗಳು ಉಳಿದಿದ್ದವು. ಎಷ್ಟು ಕ್ರೀಮು ಹಚ್ಚಿದರೂ ಜಪ್ಪಯ್ಯ ಎನ್ನಲಿಲ್ಲ. ಒಳಗೆ ಗಟ್ಟಿಯಾದ ಎಳೆಗಳು ಚರ್ಮವನ್ನು ಕೆಳಕ್ಕೆ ಎಳೆಯುತ್ತಿವೆ, ಸೂಜಿ ತೂರಿಸಿ ಕತ್ತರಿಸಬೇಕು ಎಂದು ಚರ್ಮದ ಡಾಕ್ಟರು ಹೇಳಿದಾಗ ಅವಳು ಬೇಡವೆಂದು ಎದ್ದೇ ನಿಂತಳು. "ಒಳಗಿನ ದಾರ ಬಿಗಿಯಾದ್ರೆ ಬಟ್ಟೆ ಮುದುರುತ್ತಲ್ಲ ಕಣೇ, ಮೇಲೆ ಇಸ್ತ್ರಿ ತಿಕ್ಕಿದ್ರೆ ಹೋಗುತ್ತಾ? ದಾರಾನೇ ಕತ್ತರಿಸ್ಬೇಕು," ಅಂದೆ ನಾನು. ಟೈಲರ್ ಮಗಳಲ್ಲವೇ, ಒಪ್ಪಿದಳು. "ಇನ್ಮೇಲೆ ಎಲ್ರಿಗೂ ಹೀಗೇ ಹೇಳ್ತೀನಿ," ಎಂದು ಡಾಕ್ಟರು ನಕ್ಕರು. ಅಂದಿನಿಂದ ನನಗೊಂದು ಕೋಡು ಮೂಡಿದೆ.

ಸೂಜಿಯ ಚಿಕಿತ್ಸೆ ಆದಮೇಲೂ ಗುಳಿಗಳು ಪೂರ್ತಿ ಹೋಗಿಲ್ಲ, ಅರ್ಧದಷ್ಟು ಮೇಲೆದ್ದಿವೆ. ಪಕ್ಕದಿಂದ ಬೆಳಕು ಬಿದ್ದರೆ ಈಗಲೂ ಕಾಣುತ್ತವೆ. ಅದಕ್ಕೇ ಇಷ್ಟು ದಿನ ಅಂಗಡಿಯಲ್ಲಿ ಮಷೀನಿನ ದೀಪಕ್ಕೆ ಬೆನ್ನು ಹಾಕಿಯೇ ಗುಂಡಿ ಹೊಲಿಯುತ್ತಿದ್ದಳು. ಇವತ್ತು ತಾನಾಗಿ ಸ್ಟೂಲು ತಿರುಗಿಸಿದಳು.

"ಅಮ್ಮಾ, ಆ ಕಡೆ ಕತ್ಲು. ಸೂಜಿಗೆ ದಾರ ಪೋಣಿಸೋಕೂ ಆಗಲ್ಲ."

ಇದು ಅವಳಿಗೆ ಇವತ್ತು ಗೊತ್ತಾಯಿತಂತೆ. ಗಿರಾಕಿಗಳು ಬಂದರು, ಹೋದರು, ಅವಳು ಮುಖ ತಿರುಗಿಸಲಿಲ್ಲ.

ಅವಳನ್ನೇ ನೋಡುತ್ತಾ ಹೊಲಿದ ಕಾಲರ್ ಅದು. ನಾಳೆ ಬಿಚ್ಚಿ ಹೊಲಿಯಬೇಕು. ಅವಳು ಮತ್ತೆ ಅಲ್ಲೇ ಕೂತರೆ ಅದೂ ಸೊಟ್ಟಗಾಗುತ್ತದೆ. ಆಗಲಿ.