ಪಿಕಪ್ಪು ಕುಡಿದ ಎಣ್ಣೆ

ಕರಡಿಕಲ್ಲು ಗುಡ್ಡ,
ಕೊರತೆಯ ಅರವತ್ತೆರಡನೇ ವರ್ಷ, ಹದಿಮೂರನೇ ತಿಂಗಳ ಒಂಬತ್ತು. ನಿಮ್ಮ ಲೆಕ್ಕದಲ್ಲಿ 2187.

ಹಳೆಯ ಪಿಕಪ್ ಇಟ್ಟುಕೊಂಡಿರುವ ಹಿರಿಯರಿಗೆ, ಗಾಡಿ ರಿಪೇರಿಯ ದುರುಗವ್ವ ಮಾಡುವ ಶರಣುಗಳು.

ನೀವು ನನಗಿಂತ ನೂರರವತ್ತು ವರ್ಷ ಹಿಂದಿನವರು. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒಗ್ಗದಿದ್ದರೆ ಮನ್ನಿಸಬೇಕು. ಕಾಯೆಣ್ಣೆ ಎಂದರೆ ಹೊಂಗೆಬೀಜವನ್ನು ಗಾಣಕ್ಕೆ ಹಾಕಿ ತೆಗೆದು, ಕಾಸಿ, ಬಟ್ಟೆಯಲ್ಲಿ ಸೋಸಿದ ಎಣ್ಣೆ. ನಿಮ್ಮ ಡೀಸೆಲ್ ಮುಗಿದ ಮೇಲೆ ನಮ್ಮ ಎಂಜಿನ್ನಿಗೆ ಇರುವುದು ಅದೊಂದೇ. ನೀರೋಟ ಎಂದರೆ ಐವತ್ತು ಕಿಲೋಮೀಟರು ದೂರದ ಹಿರೇಬಾವಿಗೆ ಹೋಗಿ ಡ್ರಮ್ಮುಗಳಲ್ಲಿ ನೀರು ತುಂಬಿಕೊಂಡು ಬರುವುದು. ಹತ್ತುಮಂದಿ ಎಂದರೆ ನಮ್ಮ ನ್ಯಾಯ ಹೇಳುವ ಹಿರಿಯರು. ಹಿಡಿನ್ಯಾಯ ಎಂದರೆ ಕದ್ದ ಕೈಗೆ ಕೊಡುವ ಶಿಕ್ಷೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಗುಡ್ಡದ ಮೇಲೆ ಮುನ್ನೂರು ಜನ, ಒಂದು ಪಿಕಪ್ಪು. ಅದು ನಿಮ್ಮ ಕಾಲದಲ್ಲಿ ತಯಾರಾದದ್ದು. ತಗಡು, ಸೀಟು, ಬಾಗಿಲು ಎಷ್ಟೋ ಸಲ ಬದಲಾಗಿವೆ. ಎಂಜಿನ್ನೂ ಅಚ್ಚೂ ಮಾತ್ರ ಹಳೆಯವು. ನನ್ನ ಅಕ್ಕ ಲಕ್ಕವ್ವನ ಗಂಡ ಯಮನೂರಪ್ಪ ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದ. ನಾನು ಅದರ ರಿಪೇರಿ ನೋಡಿಕೊಳ್ಳುತ್ತಿದ್ದೆ. ಹತ್ತು ಲೀಟರು ಕಾಯೆಣ್ಣೆಯಲ್ಲಿ ಮುಗಿಯುತ್ತಿದ್ದ ನೀರೋಟ ಹೋದ ವರ್ಷದ ಕಡೆಯಲ್ಲಿ ಹನ್ನೆರಡು ಕೇಳಿತು, ಆಮೇಲೆ ಹದಿನಾಲ್ಕು. ಊರಿನ ಹೆಂಗಸರು ತಲೆಗೆ ಹಚ್ಚಲೂ ಎಣ್ಣೆ ಉಳಿಸಿಕೊಳ್ಳದೆ ಬೀಜವೆಲ್ಲ ಗಾಣಕ್ಕೆ ಕೊಟ್ಟಿದ್ದರು.

ನಾನು ಗಾಳಿಯ ಜರಡಿ ಬಿಚ್ಚಿ ದೂಳು ಕೊಡವಿದೆ. ಎಣ್ಣೆ ಚಿಮ್ಮುವ ನಾಜಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಪೈಪುಗಳ ಉದ್ದಕ್ಕೂ ಬೂದಿ ಸವರಿ ಎಲ್ಲಾದರೂ ಒದ್ದೆಯಾಗುತ್ತದೆಯೇ ಎಂದು ಕಾದೆ. ಟೈರಿನ ಗಾಳಿ ಸರಿಯಿತ್ತು. ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಯಮನೂರಪ್ಪ ಎರಡು ಸಲ ನನ್ನ ಬಳಿ ಬಂದು ಹೇಳಿದ:

"ಗಾಡಿ ಯಾರೋ ಹಿಂದ ಹಿಡದು ಜಗ್ಗಿದಂಗ ಆಗ್ತೈತಿ, ದುರುಗಿ. ಇಳಕಲಿನ್ಯಾಗ ನ್ಯೂಟ್ರಲ್ ಹಾಕಿದ್ರೂ ಉರುಳವಲ್ದು. ಸುಟ್ಟ ವಾಸನಿ ಬ್ಯಾರೆ."

"ಹೊಸಾ ಎಣ್ಣಿ ವಾಸನಿ ಅದು, ಭಾವ," ಎಂದೆ. "ಎಂಜಿನ್ ನಾ ನೋಡೀನಿ. ಎಂಜಿನ್ನಿಗೆ ಏನೂ ಆಗಿಲ್ಲ."

ಆ ವಾರವೇ, ನಮ್ಮ ನೀರಿಗಾಗಿ ಹೊಂಚು ಹಾಕುವ ಕೆಳಗಿನ ಕಣಿವೆಯವರು ನಮ್ಮ ಕಾವಲು ಗುಡಿಸಲಿಗೆ ಬೆಂಕಿ ಇಟ್ಟರು. ಹೊರಗಿನಿಂದ ಅಗಳಿ ಹಾಕಿ, ಚಾವಣಿಯ ಗರಿಯ ಮೇಲೆ ಎಣ್ಣೆ ಸುರಿದಿದ್ದರು. ಒಳಗೆ ಮೂವರು ಸತ್ತರು. ಕಾವಲಿನ ಮುಖ್ಯಸ್ಥ ಸೋಮಲಿಂಗನ ತಮ್ಮನೂ ಅವರಲ್ಲಿದ್ದ. ಅವನ ಹೆಣವನ್ನು ನೆಲದಿಂದ ಬಿಡಿಸಲು ಸಲಿಕೆ ಬೇಕಾಯಿತು. ಸೋಮಲಿಂಗ ಆ ಸಲಿಕೆಯನ್ನು ಹಿಡಿದುಕೊಂಡೇ ಹತ್ತುಮಂದಿಯ ಮುಂದೆ ಬಂದ.

"ಕಣಿವ್ಯಾಗ ಗಾಣ ಇಲ್ಲ. ಅವರಿಗೆ ಎಣ್ಣಿ ಎಲ್ಲಿಂದ ಬಂತು?" ಎಂದು ಕೂಗಿದ. "ಪ್ರತಿ ನೀರೋಟಕ್ಕ ನಾಕು ಲೀಟರ್ ಎಲ್ಲಿ ಹೋಗ್ತೈತಿ?"

ಹತ್ತುಮಂದಿಯ ಹಿರಿಯಳಾದ ಗಂಗಮಾಳವ್ವ ನನ್ನ ಕಡೆ ತಿರುಗಿದಳು. "ಗಾಡ್ಯಾಗ ದೋಷ ಐತೇನವ್ವ?"

ನಾನು ಇಲ್ಲವೆಂದೆ. ನೋಡಿದ್ದರಲ್ಲಿ ದೋಷವಿಲ್ಲ ಎನ್ನಬೇಕಿತ್ತು. ಚಕ್ರಗಳನ್ನು ಬಿಚ್ಚಿಲ್ಲ ಎನ್ನಬೇಕಿತ್ತು. ಎಂಜಿನ್ನನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲವೆಂಬ ಸೊಕ್ಕು ನನ್ನ ಬಾಯಿಂದ ಆ ಒಂದು ಮಾತನ್ನು ಆಡಿಸಿತು.

ಎಣ್ಣೆ ಕದ್ದು ಕಣಿವೆಗೆ ಕೊಟ್ಟವನು ಯಮನೂರಪ್ಪನೇ ಎಂದು ಹತ್ತುಮಂದಿ ತೀರ್ಪು ಹೇಳಿದರು. ಹಿಡಿನ್ಯಾಯ ನಟ್ಟನಡು ಮಧ್ಯಾಹ್ನ ನಡೆಯಿತು. ಯಮನೂರಪ್ಪನ ಬಲಗೈಯನ್ನು ಗಾಣದ ಗುಂಡಿಗೆ ಇಟ್ಟು, ನಾಲ್ವರು ಅವನನ್ನು ಒತ್ತಿಹಿಡಿದರು. ಸೋಮಲಿಂಗ ತಾನೇ ಎತ್ತಿನ ಜಾಗದಲ್ಲಿ ನಿಂತು ನೊಗಕ್ಕೆ ಹೆಗಲು ಕೊಟ್ಟ. ಮೊದಲು ಬೆರಳುಗಳು ಹೋದವು. ಒಣ ಕಡ್ಡಿ ಮುರಿದಂಥ ಸಣ್ಣ ಸಪ್ಪಳ. ಆಮೇಲೆ ಅಂಗೈ. ಯಮನೂರಪ್ಪ ಕೂಗುತ್ತಿದ್ದುದು ದೇವರ ಹೆಸರಲ್ಲ, ನನ್ನ ಹೆಸರು. "ಇನ್ನೊಮ್ಮೆ ನೋಡು ದುರುಗೀ! ಇನ್ನೊಮ್ಮೆ ನೋಡೇ!" ಲಕ್ಕವ್ವ ನನ್ನ ಕಾಲು ಹಿಡಿದಿದ್ದಳು. ನಾನು ಕಾಲು ಬಿಡಿಸಿಕೊಂಡು ಶೆಡ್ಡಿಗೆ ಹೋದೆ.

ಮುಂದಿನ ನೀರೋಟಕ್ಕೆ ಸೋಮಲಿಂಗ ಸ್ಟೇರಿಂಗ್ ಹಿಡಿದ. ಕಳ್ಳ ಹೋದನಲ್ಲ ಎಂದು ಟ್ಯಾಂಕಿನ ತಳದಲ್ಲಿ ಉಳಿದಿದ್ದ ಎರಡೂವರೆ ಲೀಟರಿನ ಮೇಲೆ ಹನ್ನೊಂದೇ ಲೀಟರು ಹಾಕಿಸಿದ. ನಾನೂ ಇಬ್ಬರು ಕಾವಲಿನವರೂ ಹಿಂದೆ ಕುಳಿತೆವು. ಬರುವಾಗ ಡ್ರಮ್ಮುಗಳು ತುಂಬಿದ್ದವು. ಊರು ಇನ್ನು ನಾಲ್ಕು ಕಿಲೋಮೀಟರು ಇರುವಾಗ, ಕಣಿವೆಯ ಬಾಯಲ್ಲಿ, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದೆ. ಒಣಗಿತ್ತು. ಬೆಳಗಿನಿಂದ ಗಾಡಿಯ ಹತ್ತಿರ ಹೊರಗಿನವರಾರೂ ಸುಳಿದಿರಲಿಲ್ಲ. ಸೋಮಲಿಂಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮೊದಲ ಕಲ್ಲು ಅವನ ದವಡೆಗೆ ಬಿತ್ತು. ಕಣಿವೆಯವರು ಎಂಟು ಹತ್ತು ಜನ ಕುಡುಗೋಲು, ಕಬ್ಬಿಣದ ಸರಳು ಹಿಡಿದು ಬಂಡೆಗಳಿಂದ ಇಳಿದರು. ಕಾವಲಿನವರಲ್ಲಿ ಒಬ್ಬ ಬಂದೂಕು ಹಾರಿಸಿ, ಮತ್ತೆ ಮದ್ದು ತುಂಬುವುದರೊಳಗೆ ಅವನ ಹೊಟ್ಟೆಗೆ ಕುಡುಗೋಲು ಇಳಿಯಿತು. ಇನ್ನೊಬ್ಬ ಡ್ರಮ್ಮಿನ ಮೇಲೆಯೇ ಬಿದ್ದ. ಸೋಮಲಿಂಗನನ್ನು ಕ್ಯಾಬಿನ್ನಿನಿಂದ ಕೂದಲು ಹಿಡಿದು ಎಳೆದು ಸರಳಿನಿಂದ ಬಡಿದರು. ಅವನ ಕಾಲು ಅಲುಗಾಡುವುದು ನಿಂತ ಮೇಲೂ ಬಡಿದರು. ನಾನು ಜಾಕಿನ ರಾಡು ಹಿಡಿದು ಗಾಡಿಯ ಕೆಳಗೆ ನುಸುಳಿದೆ. ಒಬ್ಬ ನನ್ನ ಹಿಂದೆಯೇ ತೂರಿ ಕಾಲು ಹಿಡಿದು ಎಳೆದ. ಆಸರೆಗೆಂದು ನಾನು ಹಿಂದಿನ ಎಡಗಾಲಿಯ ಒಳಬದಿಯನ್ನು ತಬ್ಬಿದೆ.

ನನ್ನ ಮುಂಗೈಯ ಚರ್ಮ ಅಲ್ಲಿಯೇ ಅಂಟಿಕೊಂಡಿತು. ಬ್ರೇಕಿನ ಡ್ರಮ್ಮು ಹೆಂಚಿನಂತೆ ಕಾದಿತ್ತು.

ನೋವಿನ ಸಿಟ್ಟಿನಲ್ಲಿ ತಿರುಗಿ ಅವನ ಕಣ್ಣಿಗೆ ರಾಡು ಚುಚ್ಚಿದೆ. ಅವನು ಕೈ ಬಿಟ್ಟ. ನಾನು ಬಿಡಲಿಲ್ಲ. ಅವನು ಸುಮ್ಮನಾಗುವವರೆಗೆ ಹೊಡೆದೆ. ಬೆಂಕಿ ಇಡಲೆಂದು ಅವನು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಾಟಲಿ ಒಡೆದು ಎಣ್ಣೆ ನನ್ನ ಮೈಮೇಲೆಲ್ಲ ಹರಿಯಿತು. ಹೊಂಗೆಯ ವಾಸನೆಯಲ್ಲ. ಬೇವಿನದು. ಕಣಿವೆಯವರು ತಮ್ಮದೇ ಗಾಣ ಮಾಡಿಕೊಂಡಿದ್ದರು.

ಬಂದೂಕಿನ ಸದ್ದು ಕೇಳಿ ಊರಿನವರು ಓಡಿ ಬರುವಷ್ಟರಲ್ಲಿ ಅವರು ನೀರು ಹೊತ್ತು ಹೋಗಿದ್ದರು. ನಾನು ಹೆಣಗಳ ನಡುವೆ ಕುಳಿತು ಎಡಗಾಲಿ ಬಿಚ್ಚಿದೆ. ಒಳಗೆ, ಬ್ರೇಕ್ ಒತ್ತಿಬಿಟ್ಟ ಮೇಲೆ ಪಟ್ಟಿಗಳನ್ನು ಹಿಂದಕ್ಕೆ ಎಳೆಯುವ ಒಂದು ಸ್ಪ್ರಿಂಗು ಮುರಿದಿತ್ತು. ನನ್ನ ಕಿರುಬೆರಳಿನಷ್ಟು ಉದ್ದದ ತಂತಿ. ಪಟ್ಟಿ ಹಗಲಿಡೀ ಡ್ರಮ್ಮನ್ನು ಕಚ್ಚಿಕೊಂಡೇ ಇತ್ತು. ಎಂಜಿನ್ ತನ್ನದೇ ಬ್ರೇಕಿನ ವಿರುದ್ಧ ಗಾಡಿ ಎಳೆಯುತ್ತ ಎಣ್ಣೆ ಕುಡಿಯುತ್ತಿತ್ತು.

ಆ ಸ್ಪ್ರಿಂಗನ್ನು ಹತ್ತುಮಂದಿಯ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಸುಳ್ಳು ಸಾಕ್ಷಿಗೂ ನಮ್ಮಲ್ಲಿ ಹಿಡಿನ್ಯಾಯವೇ. ನನಗೆ ಆ ಶಿಕ್ಷೆ ಕೊಡಬೇಕೇ ಎಂದು ಗಂಗಮಾಳವ್ವ ಯಮನೂರಪ್ಪನನ್ನು ಕೇಳಿದಳು. ಬಟ್ಟೆ ಸುತ್ತಿದ ಮೊಂಡುಗೈಯನ್ನು ಎದೆಗೆ ಒತ್ತಿಕೊಂಡು ಅವನು ನನ್ನ ಕೈಗಳನ್ನು ನೋಡಿದ.

"ಆಕಿ ಕೈ ಅರದ್ರ ಗಾಡಿ ಯಾರು ನೋಡ್ತಾರ? ಕೂಸುಗಳಿಗೆ ನೀರು ಬೇಕಲ್ಲ," ಎಂದ. "ಬಿಡ್ರಿ."

ನ್ಯಾಯ ಬಿಟ್ಟಿತು. ಲಕ್ಕವ್ವ ಬಿಡಲಿಲ್ಲ. ಮರುದಿನ ಶೆಡ್ಡಿಗೆ ಒನಕೆ ಹಿಡಿದು ಬಂದಳು. "ಯಾವ ಕೈಲೇ ಪಾನಾ ತಿರುವ್ತೀ?" ಎಂದು ಕೇಳಿದಳು. ಬಲಗೈ ತೋರಿಸಿದೆ. "ಹಂಗಾರ ಎಡಗೈ ಇಡು." ಕಟ್ಟೆಯ ಮೇಲೆ ಇಟ್ಟೆ. ಅವಳು ಮೂರು ಏಟು ಹಾಕಿದಳು. ಮೂರನೆಯದಕ್ಕೆ ಅವಳೂ ಅತ್ತಳು. ನಾನು ಕೈ ಹಿಂದೆ ತೆಗೆಯಲಿಲ್ಲ.

ಹಿರಿಯರೇ, ನಿಮ್ಮ ಗಾಡಿ ಒಂದು ದಿನ ಹೆಚ್ಚು ಎಣ್ಣೆ ಕುಡಿದರೆ ಮನುಷ್ಯರ ಮುಖ ನೋಡುವ ಮೊದಲು ಕೆಳಗಿಳಿಯಿರಿ. ಓಡಿಸುವವನು ಹೇಳುವುದನ್ನು ಪೂರ್ತಿ ಕೇಳಿ. ನೋಡದೆ ಬಿಟ್ಟದ್ದು ಯಾವುದೆಂದು ಗಟ್ಟಿಯಾಗಿ, ಎಲ್ಲರ ಮುಂದೆ ಹೇಳಿ. ನನ್ನ ಬೇಡಿಕೆ ಇಷ್ಟೇ.

ಯಮನೂರಪ್ಪ ಈಗ ಎಡಗೈಯಲ್ಲಿ ಗಾಡಿ ಓಡಿಸುತ್ತಾನೆ. ಗೇರು ಬದಲಿಸಲು ಲಕ್ಕವ್ವ ಪಕ್ಕದಲ್ಲಿ ಕೂರುತ್ತಾಳೆ. ನೀರೋಟ ಮುಗಿದು ಗಾಡಿ ನಿಂತ ಕೂಡಲೇ ನಾನು ಸುತ್ತು ಹಾಕಿ ನೋಡಿ, ಎಲ್ಲ ಸರಿಯಿದೆ ಎನ್ನುತ್ತೇನೆ. ಅವನು ಕೆಳಗಿಳಿಯುತ್ತಾನೆ. ಮಂಡಿಯೂರಿ, ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ತಾನೇ ಮುಟ್ಟಿ ನೋಡುತ್ತಾನೆ.

ಶರಣು.
ದುರುಗವ್ವ