ಬಾಲದ ಕಡೆಯಿಂದ ಹಾಕಿದ ಬಲೆ

ಮುದ್ದು ಅಮ್ಮಾ,

ಈ ಸರೋವರ ಎಷ್ಟು ಚೆಂದ ಗೊತ್ತಾ! ಗಂಡನ ಮನೆಯವರೊಂದಿಗೆ ನನ್ನ ಮೊದಲ ರಜೆ! ನಿನ್ನೆ ಮಾವ ಬಾಸ್ ಜಾತಿಯ ಭಾರಿ ಮೀನೊಂದನ್ನು ಗಾಳದಲ್ಲಿ ದೋಣಿಯವರೆಗೂ ಎಳೆದು ತಂದರು. ನಾನು ಖುಷಿಯಲ್ಲಿ ಕೈಬಲೆಯನ್ನು ಬಾಲದ ಕಡೆಯಿಂದ ಹಾಕಿಬಿಟ್ಟೆ. ಬಲೆ ತಾಗಿದ್ದೇ ತಡ, ಮೀನು ಮುಂದಕ್ಕೆ ಚಿಮ್ಮಿ ದಾರ ಹರಿದುಕೊಂಡು ಹೋಯಿತು.

“ತಲೆ ಕಡೆಯಿಂದ ಹಾಕ್ಬೇಕು ಕಣೇ, ದಡ್ಡಿ!” ಎಂದು ಮಾವ ಹುಟ್ಟುಗೋಲಿನಿಂದ ನನ್ನ ಕೈಗೆ ಬಾರಿಸಿದರು.

“ಇನ್ನೊಂದು ಹಾಕಪ್ಪಾ, ಬುದ್ಧಿ ಬರ್ಲಿ,” ಎಂದು ನನ್ನ ಗಂಡ ಡರೆಲ್ ನಕ್ಕ. ಮಾವ ಹಾಕಿದರು.

ಎರಡು ಬೆರಳು ಮುರಿದಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅತ್ತೆ ಐಸ್ ಕಟ್ಟಿದರು. “ನನ್ಗೂ ಮೊದಲ್ನೇ ವರ್ಷ ಹೀಗೇ ಆಗಿತ್ತಮ್ಮಾ, ಆಮೇಲೆ ಅಭ್ಯಾಸ ಆಗೋಗುತ್ತೆ,” ಎಂದರು.

ನನಗೆ ಅಭ್ಯಾಸವಾಗುವ ಮೊದಲು ಅಪ್ಪನನ್ನು ಕಾರಿನೊಂದಿಗೆ ಕಳಿಸು.

ನಿನ್ನ ಮಗಳು,
ಲೊರೇನ್